ಸೃಷ್ಟಿಸಿದವರನ್ನು ಹುಡುಕಿ ಹೊರಟವರು: ‘ಪ್ರಮೀಥಿಯಸ್’ ಚಿತ್ರವನ್ನು ಕುರಿತು

ಮನುಷ್ಯನು ಈ ಭೂಮಿಯಲ್ಲಿ ತಾನಾಗಿ ಹುಟ್ಟಿದವನಲ್ಲ, ಬೇರೆ ಲೋಕದವರು ಬಿತ್ತಿಹೋದ ಬೆಳೆ ಎಂಬ ಕಲ್ಪನೆಯನ್ನು ಬರಿಯ ರೋಚಕತೆಗಾಗಿ ಬಳಸಿಕೊಂಡ ಚಿತ್ರಗಳು ಬೇಕಾದಷ್ಟಿವೆ. ರಿಡ್ಲಿ ಸ್ಕಾಟ್ ನಿರ್ದೇಶನದಲ್ಲಿ 2012ರಲ್ಲಿ ಬಂದ ‘ಪ್ರಮೀಥಿಯಸ್’ ಅದೇ ಕಲ್ಪನೆಯನ್ನು ಎತ್ತಿಕೊಂಡರೂ ಅದರೊಳಗಿನ ನೋವಿನ ಪ್ರಶ್ನೆಯವರೆಗೆ ಹೋಗುತ್ತದೆ. ನಮ್ಮನ್ನು ಸೃಷ್ಟಿಸಿದವರು ಸಿಕ್ಕಿಯೇ ಬಿಟ್ಟರೆ, ಆದರೆ ಅವರಿಗೆ ನಾವು ಬೇಡವಾಗಿದ್ದರೆ, ಆಗೇನು? ಪುಣೆಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗರು ಆಗಾಗ ಕೋಥ್ರೂಡಿನ ಗೆಳೆಯರೊಬ್ಬರ ಮನೆಯಲ್ಲಿ ಸೇರಿ ಗೋಡೆಯ ಮೇಲೆ ಸಿನಿಮಾ ಹಾಕಿಕೊಂಡು ನೋಡುತ್ತೇವೆ. ಈ ಸಲ ಇದನ್ನೇ ನೋಡೋಣವೆಂದು ಹಟ ಹಿಡಿದವನು ನಾನು. ಬಿಡುಗಡೆಯಾದಾಗ ಅನೇಕರು ಇದನ್ನು ಸ್ಕಾಟ್ ಅವರದೇ 1979ರ ‘ಏಲಿಯನ್’ ಚಿತ್ರದ ಪೂರ್ವಕಥೆಯೆಂದಷ್ಟೇ ಭಾವಿಸಿ ನಿರಾಶರಾಗಿದ್ದರು. ಆ ನಿರೀಕ್ಷೆಯನ್ನು ಬದಿಗಿಟ್ಟು ನೋಡುವವರಿಗೆ ಇದು ಬಹಳ ಕೊಡುತ್ತದೆ. ಮುಂದೆ ಕಥೆಯ ಮುಖ್ಯ ಘಟ್ಟಗಳನ್ನು ಹೇಳಿಯೇ ಬರೆಯುತ್ತಿದ್ದೇನೆ, ಚಿತ್ರ ನೋಡದವರು ಇದನ್ನು ಗಮನಿಸಬೇಕು.

ಮೊದಲ ಕೆಲವು ನಿಮಿಷಗಳಲ್ಲಿ ಮಾತೇ ಇಲ್ಲ. ಭೋರ್ಗರೆಯುವ ಜಲಪಾತವೊಂದರ ಅಂಚಿನಲ್ಲಿ, ಬಿಳಿಯ ಮೈಯ ಭಾರೀ ಗಾತ್ರದ ಜೀವಿಯೊಂದು ಬಟ್ಟಲಿನಲ್ಲಿದ್ದ ಕಪ್ಪು ದ್ರವವನ್ನು ಕುಡಿಯುತ್ತದೆ. ಅದರ ದೇಹ ಒಳಗಿನಿಂದಲೇ ಕಳಚಿ ನೀರಿಗೆ ಬೀಳುತ್ತದೆ. ಮುರಿದುಹೋದ ಡಿಎನ್‌ಎ ಎಳೆಗಳು ನೀರಿನಲ್ಲಿ ಮತ್ತೆ ಹೊಸದಾಗಿ ಕೂಡಿಕೊಳ್ಳತೊಡಗುತ್ತವೆ. ಇದನ್ನು ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದಲ್ಲಿ ಚಿತ್ರೀಕರಿಸಲಾಗಿದೆ, ಆ ಬೂದುಬಣ್ಣದ ನೀರಿನ ರಭಸವೇ ದೃಶ್ಯಕ್ಕೆ ಅರ್ಧ ಗಾಂಭೀರ್ಯವನ್ನು ತಂದುಕೊಟ್ಟಿದೆ. ಪುರುಷಸೂಕ್ತವನ್ನು ಕೇಳುತ್ತ ಬೆಳೆದವರಿಗೆ, ಒಬ್ಬನ ದೇಹವೇ ಆಹುತಿಯಾಗಿ ಅದರಿಂದ ಜಗತ್ತು ಹುಟ್ಟುವ ಈ ಕಲ್ಪನೆ ಹೊಸದೆನಿಸುವುದಿಲ್ಲ. ಸೃಷ್ಟಿಗೆ ಮೊದಲು ಬಲಿದಾನವಿದೆ ಎಂಬ ಈ ಮಾತನ್ನು ಚಿತ್ರ ಆರಂಭದಲ್ಲೇ ಹೇಳಿಬಿಡುವುದರಿಂದ, ಅದೇ ಕುಲದವರು ಮುಂದೆ ಮನುಷ್ಯರ ನಾಶಕ್ಕೆ ಸಿದ್ಧರಾಗಿದ್ದರೆಂದು ತಿಳಿದಾಗ ಆಘಾತ ಇಮ್ಮಡಿಯಾಗುತ್ತದೆ.

ಕಥೆ ಸರಳವಾದದ್ದು. 2089ರಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗುಹೆಯೊಂದರಲ್ಲಿ ಎಲಿಜಬೆತ್ ಶಾ ಮತ್ತು ಚಾರ್ಲಿ ಹಾಲೊವೇ ಎಂಬ ಪುರಾತತ್ತ್ವಜ್ಞರಿಗೆ ನಕ್ಷತ್ರಗಳ ಗುಂಪೊಂದನ್ನು ತೋರಿಸುವ ಒಂದು ಪ್ರಾಚೀನ ಚಿತ್ರ ಸಿಗುತ್ತದೆ. ಪರಸ್ಪರ ಸಂಪರ್ಕವೇ ಇರದಿದ್ದ ಅನೇಕ ನಾಗರಿಕತೆಗಳು ಬಿಡಿಸಿಟ್ಟ ಅದೇ ನಕ್ಷತ್ರಗಳ ಗುಂಪನ್ನು ಆಹ್ವಾನವೆಂದು ನಂಬಿ, ವೇಲ್ಯಾಂಡ್ ಎಂಬ ಮುದಿ ಉದ್ಯಮಿಯ ಹಣದಲ್ಲಿ ಅವರು 2093ರ ಹೊತ್ತಿಗೆ ಎಲ್‌ವಿ-223 ಎಂಬ ದೂರದ ಉಪಗ್ರಹವನ್ನು ತಲುಪುತ್ತಾರೆ. ಅಲ್ಲಿ ದೊರೆಯುವುದು ಸುಮಾರು 2,000 ವರ್ಷಗಳ ಹಿಂದೆ ಸತ್ತ ಸೃಷ್ಟಿಕರ್ತರ ಶವಗಳು, ಕಪ್ಪು ದ್ರವ ತುಂಬಿದ ಸಾಲು ಸಾಲು ಪಾತ್ರೆಗಳು, ಮತ್ತು ಇನ್ನೂ ನಿದ್ರೆಯಲ್ಲಿರುವ ಒಬ್ಬನೇ ಒಬ್ಬ.

ಚಿತ್ರದ ನಿಜವಾದ ಹೃದಯ ಇರುವುದು ಡೇವಿಡ್ ಎಂಬ ಯಂತ್ರಮಾನವನಲ್ಲಿ. ಮೈಕೆಲ್ ಫಾಸ್‌ಬೆಂಡರ್ ಈ ಪಾತ್ರವನ್ನು ನಿರ್ವಹಿಸಿರುವ ಬಗೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಉಳಿದವರೆಲ್ಲ ದೀರ್ಘ ನಿದ್ರೆಯಲ್ಲಿರುವಾಗ ಅವನೊಬ್ಬನೇ ಎಚ್ಚರವಿದ್ದು, ಹಳೆಯ ಸಿನಿಮಾ ನೋಡುತ್ತಾನೆ, ಕೂದಲಿಗೆ ಬಣ್ಣ ಹಚ್ಚಿಕೊಳ್ಳುತ್ತಾನೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಹಿಂದಿನ ಮೂಲಭಾಷೆಯೆಂದು ವಿದ್ವಾಂಸರು ಪುನಾರಚಿಸಿರುವ ಭಾಷೆಯನ್ನು ಶ್ರದ್ಧೆಯಿಂದ ಕಲಿಯುತ್ತಾನೆ. ತನ್ನನ್ನು ಮನುಷ್ಯರು ಏಕೆ ಮಾಡಿದರೆಂದು ಅವನು ಕೇಳಿದಾಗ, ಮಾಡಲು ಸಾಧ್ಯವಿತ್ತು, ಮಾಡಿದೆವು ಎಂದು ಹಾಲೊವೇ ಉಡಾಫೆಯಿಂದ ಉತ್ತರಿಸುತ್ತಾನೆ. ಇದೇ ಉತ್ತರ ನಿನ್ನನ್ನು ಸೃಷ್ಟಿಸಿದವನಿಂದ ನಿನಗೆ ಸಿಕ್ಕರೆ ಎಷ್ಟು ನಿರಾಶೆಯಾದೀತು ಎಂದು ಡೇವಿಡ್ ಮೆಲುದನಿಯಲ್ಲಿ ಕೇಳುತ್ತಾನೆ. ನನ್ನ ಮಟ್ಟಿಗೆ ಚಿತ್ರದ ಎಲ್ಲ ಎಳೆಗಳೂ ಈ ಒಂದು ಸಂಭಾಷಣೆಯಲ್ಲಿ ಬಂದು ಸೇರುತ್ತವೆ. ತಮ್ಮ ಸೃಷ್ಟಿಯನ್ನು ಆಳಿನಂತೆ ಕಾಣುವ ಮನುಷ್ಯರು ತಮ್ಮ ಸೃಷ್ಟಿಕರ್ತರಿಂದ ಮಾತ್ರ ಪ್ರೀತಿಯನ್ನೂ ಅಮರತ್ವವನ್ನೂ ಬಯಸುತ್ತಾರೆ. ಕೊನೆಗೆ ಎಚ್ಚರಗೊಂಡ ಆ ದೈತ್ಯ ಡೇವಿಡ್‌ನ ತಲೆಯನ್ನು ಒಮ್ಮೆ ನೇವರಿಸಿ, ಮರುಕ್ಷಣವೇ ಅದನ್ನು ಕಿತ್ತು, ಅದರಿಂದಲೇ ವೇಲ್ಯಾಂಡ್‌ನನ್ನು ಹೊಡೆದು ಕೊಲ್ಲುವ ದೃಶ್ಯದಲ್ಲಿ ಮೂರು ತಲೆಮಾರುಗಳೂ ಒಂದೇ ಚೌಕಟ್ಟಿನಲ್ಲಿ ಮುಖಾಮುಖಿಯಾಗುತ್ತವೆ.

ವಿಜ್ಞಾನದ ವಿಷಯಕ್ಕೆ ಬಂದರೆ, ಚಿತ್ರ ಮುಗಿದ ಮೇಲೆ ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಸೃಷ್ಟಿಕರ್ತರ ಡಿಎನ್‌ಎ ಮನುಷ್ಯರದಕ್ಕೆ ಸಂಪೂರ್ಣ ಹೊಂದುತ್ತದೆಂದು ಚಿತ್ರ ಹೇಳುತ್ತದೆ. ಹಾಗಿದ್ದರೆ ಚಿಂಪಾಂಜಿಯೊಡನೆ, ಇಲಿಯೊಡನೆ, ಯೀಸ್ಟಿನೊಡನೆ ಕೂಡ ನಮಗಿರುವ ಆನುವಂಶಿಕ ನಂಟಿಗೆ ಏನು ವಿವರಣೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಜೀವದ ಬೀಜ ಆಕಾಶದಿಂದ ಬಂದಿರಬಹುದೆಂಬ ವಿಚಾರವನ್ನು ಮಾತ್ರ ಪುಣೆಯಲ್ಲಿರುವವರು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಊರಿನ ಖಗೋಳವಿಜ್ಞಾನ ಸಂಶೋಧನಾ ಕೇಂದ್ರವಾದ ಆಯುಕಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ, 2025ರಲ್ಲಿ ನಮ್ಮನ್ನಗಲಿದ ಜಯಂತ ನಾರ್ಳೀಕರ್ ಅವರು, ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ 41 ಕಿಲೋಮೀಟರ್ ಎತ್ತರದವರೆಗಿನ ಗಾಳಿಯನ್ನು ಸಂಗ್ರಹಿಸಿ ಅದರಲ್ಲಿ ಸೂಕ್ಷ್ಮಜೀವಿಗಳನ್ನು ಹುಡುಕುವ ಪ್ರಯೋಗಗಳ ಮುಂಚೂಣಿಯಲ್ಲಿದ್ದರು. ಅಂಥ ಸಂಗ್ರಹದಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ದೊರೆತವೆಂದು ಇಸ್ರೊ 2009ರಲ್ಲಿ ಪ್ರಕಟಿಸಿತು. ಅವು ಭೂಮಿಯಾಚೆಯಿಂದಲೇ ಬಂದವೆಂಬುದು ಇದರಿಂದ ಸಿದ್ಧವಾಗುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಅದಕ್ಕೂ ಮೊದಲು, 1973ರಲ್ಲಿ, ಫ್ರಾನ್ಸಿಸ್ ಕ್ರಿಕ್ ಮತ್ತು ಲೆಸ್ಲಿ ಆರ್ಗೆಲ್ ಯಾವುದೋ ಮುಂದುವರಿದ ನಾಗರಿಕತೆ ಉದ್ದೇಶಪೂರ್ವಕವಾಗಿಯೇ ಜೀವವನ್ನು ಇಲ್ಲಿಗೆ ಕಳಿಸಿರಬಹುದೆಂಬ ಊಹೆಯನ್ನು ಮಂಡಿಸಿದ್ದರು. ಆ ವಿಜ್ಞಾನಿಗಳು ಯೋಚಿಸಿದ್ದು ಸೂಕ್ಷ್ಮಜೀವಿಗಳ ಬಗ್ಗೆ, ಅಲ್ಲಿಂದ ಮುಂದಿನ ಕೆಲಸಕ್ಕೆ ವಿಕಾಸವಿದೆ. ಚಿತ್ರವೂ ಅಷ್ಟಕ್ಕೇ ನಿಂತಿದ್ದರೆ ಅದರ ತಳಹದಿ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ವಿಜ್ಞಾನಿ ಪಾತ್ರಗಳ ನಡವಳಿಕೆ ಮಾತ್ರ ಸಮರ್ಥನೆಗೆ ಸಿಗುವಂಥದ್ದಲ್ಲ. ಅಪರಿಚಿತ ಲೋಕದಲ್ಲಿ ಶಿರಸ್ತ್ರಾಣ ತೆಗೆಯುವುದು, ಹಾವಿನಂಥ ಜೀವಿಯನ್ನು ಜೀವಶಾಸ್ತ್ರಜ್ಞನೇ ಮುದ್ದಿಸಹೋಗುವುದು, ಸುರಂಗಗಳ ನಕ್ಷೆ ತಯಾರಿಸುತ್ತಿದ್ದವನೇ ದಾರಿ ತಪ್ಪುವುದು, ಇವೆಲ್ಲ ಚಿತ್ರಕಥೆಯ ಅವಸರವನ್ನು ತೋರಿಸುತ್ತವೆ. ಆದರೆ ನೂಮಿ ರಾಪಾಸ್ ಅಭಿನಯಿಸಿರುವ ಶಾ ಪಾತ್ರ ಈ ಕೊರತೆಗಳನ್ನು ದಾಟಿ ನಿಲ್ಲುತ್ತದೆ. ಪುರುಷರ ಶಸ್ತ್ರಚಿಕಿತ್ಸೆಗಷ್ಟೇ ಹೊಂದಿಸಿದ ಯಂತ್ರದೊಳಗೆ ಮಲಗಿ, ತನ್ನ ಹೊಟ್ಟೆಯಲ್ಲಿ ಬೆಳೆಯುತ್ತಿರುವುದನ್ನು ತಾನೇ ತೆಗೆಸಿಕೊಳ್ಳುವ ದೃಶ್ಯ ಉಸಿರು ಬಿಗಿಹಿಡಿಯುವಂತಿದೆ. ಎದೆಗುಂದುವವರು ಮತ್ತು ಮಕ್ಕಳು ಇದನ್ನು ನೋಡದಿರುವುದೇ ಲೇಸು.

ಡರಿಯುಸ್ ವೋಲ್ಸ್ಕಿ ಅವರ ಛಾಯಾಗ್ರಹಣಕ್ಕಾಗಿಯಾದರೂ ಇದನ್ನು ಫೋನಿನಲ್ಲಿ ನೋಡಬಾರದು, ಸಿಕ್ಕಷ್ಟು ದೊಡ್ಡ ತೆರೆಯಲ್ಲಿ, ಕತ್ತಲ ಕೋಣೆಯಲ್ಲಿ ನೋಡಬೇಕು. ಇಷ್ಟೆಲ್ಲ ಕಳೆದುಕೊಂಡ ಮೇಲೂ ಶಾ ಭೂಮಿಗೆ ಹಿಂದಿರುಗದೆ, ಆ ಸೃಷ್ಟಿಕರ್ತರ ಮೂಲನೆಲೆಗೇ ಹೋಗಿ, ನಮ್ಮನ್ನು ಮಾಡಿ ಮತ್ತೆ ಕೊಲ್ಲಹೊರಟದ್ದೇಕೆಂದು ಕೇಳಲು ಹೊರಡುತ್ತಾಳೆ. 2017ರಲ್ಲಿ ಬಂದ ಮುಂದಿನ ಭಾಗ ಆಕೆಯ ಆ ಪ್ರಯಾಣವನ್ನು ತೆರೆಯ ಹಿಂದೆಯೇ ಮುಗಿಸಿಬಿಟ್ಟದ್ದು ನನಗೆ ಈಗಲೂ ಬೇಸರದ ಸಂಗತಿ. ಆದ್ದರಿಂದ ಮೊದಲ ಸಲ ನೋಡುವವರು ಎರಡನ್ನೂ ಒಟ್ಟಿಗೆ ನೋಡದೆ, ‘ಪ್ರಮೀಥಿಯಸ್’ ಒಂದನ್ನೇ ನೋಡಿ ಕೆಲವು ದಿನ ಬಿಡಬೇಕೆಂಬುದು ನನ್ನ ಸಲಹೆ.