ಸಕ್ಕರೆ ನಾಡಿನಲ್ಲಿ ಸಕ್ಕರೆ ಬಿಟ್ಟು: ನಾಲ್ಕು ಬೆಲ್ಲಗಳೊಂದಿಗೆ ಮೂರು ವಾರ

ಡಿಸೆಂಬರ್ ಕೊನೆಯ ವಾರ ಮನೆಯ ದಿನಸಿ ಚೀಟಿಗಳನ್ನು ಮುಂದಿಟ್ಟುಕೊಂಡು ಕೂಡಿಸಿದೆ. ತಿಂಗಳಿಗೆ 4 ಕಿಲೋ ಸಕ್ಕರೆ. ನಾವಿರುವುದು ಐದು ಜನ. ತಲೆಗೆ ದಿನಕ್ಕೆ ಸುಮಾರು 27 ಗ್ರಾಂ ಬೀಳುತ್ತದೆ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೊರಗಿನ ತಿಂಡಿಯ ಸಿಹಿಯನ್ನೂ ಸೇರಿಸಿಕೊಂಡು. ನನ್ನ ಲೆಕ್ಕದಲ್ಲಿ ಬಿಸ್ಕತ್ತು, ಕ್ರಿಸ್‌ಮಸ್ ವಾರದ ಕೇಕು, ಮದುವೆ ಮನೆಯ ಲಾಡು ಯಾವುದೂ ಇರಲಿಲ್ಲ. ಆ ರಾತ್ರಿಯೇ ನಿಶ್ಚಯಿಸಿದೆ: ಜನವರಿ 1ರಿಂದ ನಮ್ಮ ಅಡುಗೆಮನೆಗೆ ಬಿಳಿ ಸಕ್ಕರೆ ಬರುವುದಿಲ್ಲ, ಅದರ ಜಾಗಕ್ಕೆ ಬರುವ ಬೆಲ್ಲವೂ ತಿಂಗಳಿಗೆ 2 ಕಿಲೋ ಮೀರುವುದಿಲ್ಲ. ಈ ಎರಡನೆಯ ಮಾತೇ ಮುಖ್ಯ. ಬೆಲ್ಲದಲ್ಲಿಯೂ ಹೆಚ್ಚಿನ ಪಾಲು ಸುಕ್ರೋಸೇ; ಸಕ್ಕರೆ ಕಾಯಿಲೆಯವರಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಅಳತೆ ತಗ್ಗದೆ ಡಬ್ಬಿ ಮಾತ್ರ ಬದಲಾದರೆ ಪ್ರಯೋಜನವಿಲ್ಲ.

1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದ ಮಂಡ್ಯದಲ್ಲಿ, ಕಬ್ಬು ಬೆಳೆಯುವವರ ಮನೆಯಲ್ಲಿ ಹುಟ್ಟಿದವಳು ನಾನು. ಆದರೂ ಯಾವ ಅಡುಗೆಗೆ ಯಾವ ಬೆಲ್ಲ ಎಂದು ಒಮ್ಮೆಯೂ ಕೂತು ಯೋಚಿಸಿರಲಿಲ್ಲ. ಹಾಗಾಗಿ ನಾಲ್ಕು ಬಗೆಯನ್ನು ತಂದು ಸಂಕ್ರಾಂತಿಯವರೆಗೆ ಒಂದೊಂದನ್ನೂ ಒಲೆಯ ಮೇಲೆ ಪರೀಕ್ಷಿಸಿದೆ.

ಮೊದಲನೆಯದು ಅಂಗಡಿಯ ಹೊಂಬಣ್ಣದ ಅಚ್ಚು ಬೆಲ್ಲ. ಎರಡನೆಯದು ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ ಅಪ್ಪನ ಜೊತೆ ಹೋಗಿ ತಂದ ಕಂದು ಉಂಡೆ ಬೆಲ್ಲ. ಮೂರನೆಯದು ಪ್ಯಾಕೆಟ್ಟಿನ ಬೆಲ್ಲದ ಪುಡಿ. ನಾಲ್ಕನೆಯದು ಸಾಗರದ ಕಡೆಯಿಂದ ಅತ್ತಿಗೆ ತಂದುಕೊಟ್ಟ ಜೋನಿ ಬೆಲ್ಲ, ಜೇನಿನಂತೆ ಸುರಿಯುವಂಥದ್ದು.

ಬಣ್ಣದ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. ಹಳದಿಯಾಗಿ ಹೊಳೆದರೆ ಒಳ್ಳೆಯ ಬೆಲ್ಲ ಎಂದು ನಂಬಿಕೊಂಡೇ ನಾನು ಇಷ್ಟು ವರ್ಷ ಕೊಂಡಿದ್ದೇನೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದು ಹಳೆಯ ಪದ್ಧತಿ. ಹಾಲಿನ ಸಹಜ ಹುಳಿ ಅದರಿಂದ ತಗ್ಗುತ್ತದೆ. ಬೆಂಡೆ ಗಿಡದ ಲೋಳೆ ಹಾಕಿದರೆ ಮಡ್ಡಿ ಮೇಲೆ ತೇಲಿ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಆದರೆ ಅಂಗಡಿಯಲ್ಲಿ ಕಣ್ಣು ಸೆಳೆಯುವ ಹೊಂಬಣ್ಣ ಸಾಮಾನ್ಯವಾಗಿ ಬರುವುದು ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕದಿಂದ. ಆ ಬಣ್ಣ ನಿಲ್ಲುವುದೂ ಇಲ್ಲ. ಕೆಲವು ತಿಂಗಳು ಇಟ್ಟರೆ ಬೆಲ್ಲ ತಾನೇ ಕಪ್ಪಾಗುತ್ತದೆ. ಆಲೆಮನೆಯಲ್ಲಿ ಅಪ್ಪ ಒಂದು ಉಂಡೆಯನ್ನು ಮುರಿದು ಒಳಗಿನ ಹರಳನ್ನು ತೋರಿಸಿ, “ಮೇಲಿನ ಬಣ್ಣ ನೋಡಬೇಡಮ್ಮ, ಮುರಿದ ಕಡೆ ನೋಡು” ಎಂದರು.

ಜನವರಿ 1ರ ಬೆಳಗಿನ ಕಾಫಿಯೇ ಒಡೆಯಿತು. ಕುದಿಯುವ ಹಾಲಿಗೆ ಕಂದು ಬೆಲ್ಲವನ್ನು ನೇರವಾಗಿ ಹಾಕಿದ್ದೆ. ಬೆಲ್ಲದ ಹುಳಿ ಮತ್ತು ಲವಣಗಳು ಕುದಿಯುವ ಹಾಲನ್ನು ಒಡೆಯುತ್ತವೆ ಎಂದು ಗೊತ್ತಿದ್ದರೂ ಕೈ ಸಕ್ಕರೆಯ ಅಭ್ಯಾಸದಲ್ಲಿಯೇ ಇತ್ತು. ಹೊಂಬಣ್ಣದ ಬೆಲ್ಲವನ್ನು ಹಾಗೆಯೇ ಹಾಕಿದಾಗ ಹಾಲು ಒಡೆಯಲಿಲ್ಲ. ಬಹುಶಃ ಅದರಲ್ಲಿ ಸುಣ್ಣ ಹೆಚ್ಚು ಬಿದ್ದಿರಬೇಕು. ಮರುದಿನದಿಂದ ಕ್ರಮ ಬದಲಿಸಿದೆ. ಲೋಟದ ತಳಕ್ಕೆ ಜಜ್ಜಿದ ಬೆಲ್ಲ, ಅದರ ಮೇಲೆ ಬಿಸಿ ಡಿಕಾಕ್ಷನ್, ಪೂರ್ತಿ ಕರಗಿದ ಮೇಲೆ ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟ ಹಾಲು. ಮೂರು ವಾರದಲ್ಲಿ ಮತ್ತೆ ಒಮ್ಮೆಯೂ ಒಡೆದಿಲ್ಲ.

ಕಾಫಿಯ ರುಚಿಯಲ್ಲಿ ನನ್ನ ಆಯ್ಕೆ ಕಂದು ಬೆಲ್ಲವೇ. ಅದರಲ್ಲಿರುವ ಸುಟ್ಟ ಕಬ್ಬಿನ ವಾಸನೆ ಡಿಕಾಕ್ಷನ್ನಿನ ಕಹಿಗೆ ಹೊಂದುತ್ತದೆ. ಜೋನಿ ಬೇಗ ಕರಗುತ್ತದೆ, ಆದರೆ ಕಾಫಿಯ ಘಮವನ್ನೇ ನುಂಗಿಬಿಡುತ್ತದೆ. ಪುಡಿಯಲ್ಲಿ ಸಿಹಿಯಿದೆ, ಕಬ್ಬಿಲ್ಲ. ಬೆಲ್ಲಕ್ಕೆ ಸಕ್ಕರೆ ಬೆರೆಸುವ ವಿಚಾರ ನಮ್ಮ ಜಿಲ್ಲೆಯವರಿಗೆ ಹೊಸದಲ್ಲವಾದ್ದರಿಂದ, ಪುಡಿಯ ರೂಪದಲ್ಲಿ ಬಂದದ್ದನ್ನು ಮುರಿದು ನೋಡಲಾಗದು ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಇನ್ನು ಕೊಳ್ಳುವುದಿಲ್ಲ. ಶುಂಠಿ ಚಹಾಕ್ಕೆ ನಾಲ್ಕೂ ನಡೆಯುತ್ತವೆ.

ಧನುರ್ಮಾಸದ ಹುಗ್ಗಿಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಅಳತೆ ಎಲ್ಲಕ್ಕೂ ಒಂದೇ: ಅಕ್ಕಿ ಒಂದು ಲೋಟ, ಹುರಿದ ಹೆಸರುಬೇಳೆ ಅರ್ಧ ಲೋಟ, ಜಜ್ಜಿದ ಬೆಲ್ಲ ಒಂದೂವರೆ ಲೋಟ. ಅಕ್ಕಿ ಬೇಳೆ ಹಿಸುಕಿದರೆ ಮುದ್ದೆಯಾಗುವಷ್ಟು ಬೆಂದ ಮೇಲೆಯೇ ಬೆಲ್ಲ. ಬೆಲ್ಲ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ. ಬೆಲ್ಲವನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿದಾಗ ಕಂದು ಬೆಲ್ಲದಿಂದ ಕಬ್ಬಿನ ನಾರು, ಬೂದು ಬಣ್ಣದ ಮಣ್ಣು ಸೇರಿ ಒಂದು ಚಮಚದಷ್ಟು ಗಸಿ ಉಳಿಯಿತು. ಹೊಂಬಣ್ಣದ್ದರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಶುಚಿಯ ವಿಷಯದಲ್ಲಿ ಅದೇ ಮುಂದೆ ಎಂದು ಒಪ್ಪಿಕೊಳ್ಳಲೇಬೇಕು. ಸೋಸುವಷ್ಟು ವ್ಯವಧಾನ ಇಲ್ಲದವರು ಕಂದು ಬೆಲ್ಲವನ್ನು ತರಬಾರದು.

ಆದರೆ ಹುಗ್ಗಿಯ ರುಚಿ! ಕಂದು ಬೆಲ್ಲದ ಹುಗ್ಗಿ ತುಪ್ಪವನ್ನು ಹೀರಿಕೊಂಡು ಗಾಢ ಬಣ್ಣಕ್ಕೆ ತಿರುಗಿತು. ಚಿಟಿಕೆ ಪಚ್ಚಕರ್ಪೂರ ಹಾಕಿ ಮುಚ್ಚಿಟ್ಟು, ಚಳಿಯಲ್ಲಿ ಬೆಳಗಿನ ಆರಕ್ಕೆ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಮಗಳು ಹಾಸಿಗೆಯಿಂದ ತಾನಾಗಿ ಎದ್ದು ಬಂದಳು. ಹೊಂಬಣ್ಣದ ಬೆಲ್ಲದ ಹುಗ್ಗಿ ನೋಡಲು ದೇವಸ್ಥಾನದ ಪ್ರಸಾದದಂತಿದ್ದರೂ ಸಿಹಿ ನಾಲಿಗೆಯ ತುದಿಯಲ್ಲಿಯೇ ನಿಂತಿತು. ಜೋನಿ ಹಾಕಿದ್ದು ಗಟ್ಟಿಯಾಗದೆ ಪಾಯಸದಂತೆ ಹರಿಯಿತು. ಅದನ್ನು ದೋಸೆಯ ಜೊತೆ, ತುಪ್ಪ ಬೆರೆಸಿ ತಿನ್ನುವುದೇ ಚೆನ್ನ. ಆ ಜಾಗದಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಒಂದು ಎಚ್ಚರಿಕೆ. ಎರಡನೆಯ ವಾರ ಬೇರೊಂದು ಕಡೆಯಿಂದ ತಂದ ಕಂದು ಬೆಲ್ಲ ಉಪ್ಪುಪ್ಪಾಗಿತ್ತು. ನಾಲೆಯ ನೀರು ನಿಂತು ಚೌಳಾದ ನೆಲದ ಕಬ್ಬು ಲವಣವನ್ನು ಹೀರಿಕೊಳ್ಳುತ್ತದೆ, ಅದು ಬೆಲ್ಲಕ್ಕೂ ಬರುತ್ತದೆ. ಹುಗ್ಗಿಯಲ್ಲಿ ಆ ಉಪ್ಪು ಹಿತವೆನಿಸಿತು, ಕಾಫಿಯನ್ನು ಕೆಡಿಸಿತು. ಕೊಳ್ಳುವ ಮೊದಲು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೋಡುವುದು ಅಗತ್ಯ.

ಕಡಲೆಬೀಜದ ಚಿಕ್ಕಿಯಲ್ಲಿ ಹೊಂಬಣ್ಣದ ಅಚ್ಚು ಬೆಲ್ಲ ಗೆದ್ದಿತು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ತೆಗೆದು ತಟ್ಟೆಗೆ ಹಾಕಿದರೆ ಟಣ್ ಎಂದಿತು. ಚಿಕ್ಕಿ ಗಾಜಿನಂತೆ ಮುರಿಯಿತು. ಕಂದು ಬೆಲ್ಲದ ಪಾಕ ಆ ಹದಕ್ಕೆ ಬರಲು ಇನ್ನೂ ನಾಲ್ಕೈದು ನಿಮಿಷ ಬೇಕಾಯಿತು. ಜೋನಿ ಹದಕ್ಕೆ ಬರಲೇ ಇಲ್ಲ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚಿರುವುದರಿಂದ ಹರಳುಗಟ್ಟದೆ ಅಂಟಾಗಿಯೇ ಉಳಿಯುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು ಎಳ್ಳು-ಬೆಲ್ಲ. ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆಯ ನಡುವೆ ಬೆಲ್ಲ ಒಣಗಿದ ಪುಟ್ಟ ಚೌಕಗಳಾಗಿ ಬಿಡಿಬಿಡಿಯಾಗಿ ಇರಬೇಕು. ಅಡಕತ್ತರಿಗೆ ಹೊಂಬಣ್ಣದ ಅಚ್ಚು ಸಲೀಸಾಗಿ ಬಗ್ಗಿತು. ಕಂದು ಬೆಲ್ಲ ಪುಡಿಯಾಗಿ ಉದುರಿತು, ಮೂರನೆಯ ದಿನಕ್ಕೆ ಎಳ್ಳನ್ನೆಲ್ಲ ಮೈಗೆ ಅಂಟಿಸಿಕೊಂಡು ಕೂತಿತು. “ಬೀರುವ ಎಳ್ಳು ಇನ್ನೊಬ್ಬರ ಮನೆಗೆ ಹೋಗುವುದು, ಚೆಂದ ಇರಬೇಕು” ಎಂದರು ಅತ್ತೆ. ಅವರ ಮಾತು ಸರಿಯೇ. ಆದರೆ ಹೈಡ್ರೋಸಿನ ವಿಚಾರ ತಿಳಿದ ಮೇಲೆ ಅದನ್ನೇ ಇಪ್ಪತ್ತು ಮನೆಗೆ ಹಂಚಲು ನನಗೆ ಮನಸ್ಸಾಗಲಿಲ್ಲ. ಉಂಡೆಯನ್ನು ಬೆರಳು ದಪ್ಪದ ಹೋಳು ಮಾಡಿ, ತೆಳು ಬಟ್ಟೆ ಮುಚ್ಚಿ ಮಹಡಿಯ ಮೇಲೆ ನಾಲ್ಕು ದಿನ ಬಿಸಿಲಿಗಿಟ್ಟೆವು. ಆಮೇಲೆ ಕತ್ತರಿಸಿ, ಮತ್ತೆ ಒಂದು ದಿನ ಬಿಸಿಲಿಗೆ ಹಾಕಿ, ಹಬ್ಬದ ಬೆಳಿಗ್ಗೆಯೇ ಬೆರೆಸಿದೆವು. ಚೌಕಗಳ ಅಂಚು ಅಷ್ಟು ಚೂಪಾಗಿ ಬರಲಿಲ್ಲ, ಆದರೆ ಅಂಟಲಿಲ್ಲ. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ಮಾತಾಡದೆ ಡಬ್ಬಿಗಳಿಗೆ ತುಂಬತೊಡಗಿದರು.

ಸಕ್ಕರೆ ಅಚ್ಚಿನ ಮುಂದೆ ಮಾತ್ರ ನನ್ನ ನಿಶ್ಚಯ ಸೋತಿತು. ಅತ್ತೆಯ ತಾಯಿಯ ಕಾಲದ ಮರದ ಅಚ್ಚುಗಳಿವೆ: ಆನೆ, ಕೋಳಿ, ತುಳಸಿಕಟ್ಟೆ. ಕಂದು ಬೆಲ್ಲದ ಪಾಕವನ್ನು ಎರಡು ಸಲ ಹೊಯ್ದು ನೋಡಿದೆ. ಮೊದಲ ಸಲ ಆನೆಯ ಸೊಂಡಿಲು ಮುರಿಯಿತು, ಎರಡನೆಯ ಸಲ ತುಳಸಿಕಟ್ಟೆ ಮರವನ್ನು ಬಿಟ್ಟು ಬರಲೇ ಇಲ್ಲ. ಶುದ್ಧ ಸಕ್ಕರೆಯ ಪಾಕ ತಿರುವುತ್ತಲೇ ನುಣ್ಣಗೆ ಹರಳುಗಟ್ಟುತ್ತದೆ, ಬೆಲ್ಲದ್ದು ಹಾಗಾಗದು. ಹಬ್ಬಕ್ಕೆ ಎರಡು ದಿನ ಇರುವಾಗ ಅರ್ಧ ಕಿಲೋ ಸಕ್ಕರೆ ತಂದು, ಹಾಲು ಹಾಕಿ ಕೊಳೆ ತೆಗೆದು, ನಿಂಬೆರಸ ಹಿಂಡಿ ಪಾಕ ಮಾಡಿದೆ. ಅಚ್ಚು ಬಿಚ್ಚುವ ಕೆಲಸವನ್ನು ಮಗಳು ಕೇಳಿ ಪಡೆದಳು. ಒಂದೂ ಮುರಿಯಲಿಲ್ಲ. ಉಳಿದ ಒಂದು ಹಿಡಿ ಸಕ್ಕರೆಯನ್ನು ಅಂದೇ ಪಕ್ಕದ ಮನೆಯವರಿಗೆ ಕೊಟ್ಟು, ಡಬ್ಬಿಯನ್ನು ತೊಳೆದು ಬೋರಲು ಹಾಕಿದೆ.