ಮಾರ್ವಾಡಿ, ಕಾಠಿಯಾವಾಡಿ, ಭೀಮಥಡಿ: ಬೆನ್ನೇರಿ ನೋಡಿದ ಹೋಲಿಕೆ

ಪುಣೆಯಲ್ಲಿ ನೆಲೆಸಿರುವ ನಾವು ಮೂವರು ಕನ್ನಡಿಗರು ಪಾಲಿನಲ್ಲಿ ಒಂದು ದೇಸಿ ಕುದುರೆಯನ್ನು ಕೊಳ್ಳಲು ನಿರ್ಧರಿಸಿದ ಮೇಲೆ, ಒಂದು ಚಳಿಗಾಲವಿಡೀ ಮೂರು ತಳಿಗಳ ಕುದುರೆಗಳನ್ನು ಮುಳಶಿ ಕಡೆಯ ಒಂದೇ ಏರಿಳಿತದ ಹಾದಿಯಲ್ಲಿ ಸವಾರಿ ಮಾಡಿ ನೋಡಿದೆವು.

ಮೊದಲು ಏರಿದ್ದು ಮಾರ್ವಾಡಿ ಗಂಡು ಕುದುರೆಯನ್ನು. ನಾಲ್ಕು ಅಂಗುಲಕ್ಕೆ ಒಂದು ಹ್ಯಾಂಡ್ ಎಂಬ ಲೆಕ್ಕದಲ್ಲಿ ಅದರ ಎತ್ತರ 15 ಹ್ಯಾಂಡ್. ಒಳಬಾಗಿದ ಕಿವಿಗಳ ತುದಿ ಒಂದನ್ನೊಂದು ಮುಟ್ಟುತ್ತಿದ್ದವು, ಕತ್ತು ನಿಡಿದಾಗಿತ್ತು. ಜೋಧಪುರದ ರಾಠೋಡರು ಯುದ್ಧಕ್ಕೆಂದು ಸಾಕಿದ, ಜಹಗೀರುಗಳು ಹೋದ ಮೇಲೆ ಅಳಿವಿನ ಅಂಚಿಗೆ ಬಂದು ಮತ್ತೆ ಚೇತರಿಸಿಕೊಂಡ ತಳಿಯಿದು. ಧೈರ್ಯದಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಎದುರು ಬಂದ ಲಾರಿಗೂ ಬೆದರಲಿಲ್ಲ. ಆದರೆ ಈ ತಳಿಯ ಹೆಸರಿನೊಂದಿಗೇ ಬರುವ ರೇವಾಲ್ ನಡೆ, ಅಂದರೆ ಒಂದೇ ಬದಿಯ ಹಿಂಗಾಲು ಮುಂಗಾಲುಗಳು ಬೆನ್ನುಬೆನ್ನಿಗೆ ನೆಲ ಮುಟ್ಟುತ್ತ ಸವಾರನನ್ನು ಕುಲುಕದೆ ಒಯ್ಯುವ ನಡೆ, ಅದರಲ್ಲಿ ಕಾಣಲಿಲ್ಲ. ಒಂದು ಗಂಟೆಯಲ್ಲಿ ನನ್ನ ಸೊಂಟ ಸೋತಿತು.

ಕಾಠಿಯಾವಾಡಿ ಹೆಣ್ಣು ಕುದುರೆಯ ಎತ್ತರ 14 ಹ್ಯಾಂಡ್ ಮಾತ್ರ. ಮಣ್ಣಿನ ಬಣ್ಣದ ಮೈ, ಬೆನ್ನುದ್ದಕ್ಕೂ ಕಪ್ಪು ಗೆರೆ, ಮೂಗಿನ ಮೇಲೆ ತುಸು ತಗ್ಗು, ಮಾರ್ವಾಡಿಗಿಂತಲೂ ಹೆಚ್ಚು ಬಾಗಿದ ಕಿವಿಗಳು. ಲಗಾಮನ್ನು ಸಡಿಲಿಸಿದೊಡನೆ ಅದು ತಾನಾಗಿಯೇ ರೇವಾಲ್‌ಗೆ ಇಳಿಯಿತು. ಎರಡು ಗಂಟೆಗಳ ಬಳಿಕವೂ ಕೆಳಗಿಳಿಯುವ ಮನಸ್ಸಾಗಲಿಲ್ಲ. ಸೌರಾಷ್ಟ್ರದ ಕಾಠಿ ಮನೆತನಗಳು ಮೂಲ ತಾಯಿ ಕುದುರೆಯ ಹೆಸರಿನಲ್ಲೇ ಒಂದೊಂದು ಪೀಳಿಗೆಯನ್ನು ಗುರುತಿಸಿ ಕಾಯ್ದುಕೊಂಡು ಬಂದಿವೆ. ಮನೆಯಂಗಳದಲ್ಲಿ ಬೆಳೆದು ಮನೆಯವರೇ ಏರುತ್ತಿದ್ದ ಕುದುರೆಯ ನಡೆ ಎಂಥದೆಂಬುದು ಆ ಮನೆಗೆ ತಿಳಿಯದೆ ಇರುತ್ತಿರಲಿಲ್ಲ ಎಂಬುದೇ ಈ ಕ್ರಮದ ಬಲವೆಂದು ನಾನು ನಂಬಿದ್ದೇನೆ.

ಭೀಮಥಡಿಯ ಹೋಲಿಕೆ ಬೇರೆಯೇ ಬಗೆಯದು. ಹೆಸರಿನ ಅರ್ಥ ಭೀಮಾ ನದಿಯ ತಡಿ ಎಂದೇ. ಕನ್ನಡದಲ್ಲಿ ತಡಿ ಎಂದರೆ ಕುದುರೆಯ ಜೀನೂ ಹೌದೆಂಬುದು ನನಗೆ ಸಂತಸದ ಸಂಗತಿ. ಮರಾಠರ ದಂಡಿನಲ್ಲಿ ದುಡಿದ ಈ ದಖನಿ ಕುದುರೆ ಇಂದು ಹೆಚ್ಚಾಗಿ ಬಾರಾಮತಿ, ಇಂದಾಪುರದ ಕಡೆಯ ಧನಗರರ ಬಳಿ ಉಳಿದಿದ್ದು, ಕುರಿಹಿಂಡಿನೊಂದಿಗೆ ಅವರ ಸಂಸಾರವನ್ನೇ ಹೊತ್ತು ವಲಸೆ ಹೋಗುತ್ತದೆ. ನಾವು ಏರಿದ್ದು 13 ಹ್ಯಾಂಡ್ ದಾಟಿರಲಿಲ್ಲ. ಕಲ್ಲುಹಾದಿಯ ಇಳಿಜಾರಿನಲ್ಲಿ ಅದರಷ್ಟು ನಂಬಿಕೆಯ ಹೆಜ್ಜೆ ಉಳಿದೆರಡಕ್ಕೂ ಇರಲಿಲ್ಲ. ಆದರೆ ನನ್ನ 80 ಕಿಲೋ ತೂಕವನ್ನು ಅದರ ಮೇಲೆ ದಿನವೂ ಹೇರುವುದು ನ್ಯಾಯವಲ್ಲ.

ಕೊಳ್ಳಲು ತಿರುಗಾಡಿದಾಗ ಎಲ್ಲೆಡೆ ಕಂಡದ್ದು ಒಂದೇ: ಗಿರಾಕಿಗಳು ಮೊದಲು ಎತ್ತರ ಕೇಳುತ್ತಾರೆ, ಕಿವಿ ನೋಡುತ್ತಾರೆ, ಎತ್ತು ಕೊಳ್ಳುವಾಗ ನಮ್ಮ ಹಿರಿಯರು ನೋಡುತ್ತಿದ್ದಂತೆ ಸುಳಿ ಹುಡುಕುತ್ತಾರೆ, ಬೆನ್ನೇರಿ ನೋಡುವವರು ವಿರಳ. ಕಿವಿ ದೂರದಿಂದಲೇ ಕಾಣುತ್ತದೆ, ನಡೆ ಏರದೆ ತಿಳಿಯದು. ಕುದುರೆಯ ಗಬ್ಬದ ಅವಧಿ 11 ತಿಂಗಳು, ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ, ಅದು ಸವಾರಿಗೆ ಪಳಗಲು ಮತ್ತೆ ಮೂರ್ನಾಲ್ಕು ವರ್ಷ. ಹೀಗೆ ಒಂದು ಜೋಡಿಯ ಆಯ್ಕೆ ಸರಿಯೋ ತಪ್ಪೋ ಎಂದು ತಿಳಿಯುವಷ್ಟರಲ್ಲಿ ಸುಮಾರು ಐದು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಚೆಲುವಿನ ಗಂಡು ಕುದುರೆಯೊಂದು ಹಲವು ಮರಿಗಳಿಗೆ ತಂದೆಯಾಗಿರುತ್ತದೆ.

ನಾವು ಕಾಠಿಯಾವಾಡಿಯನ್ನೇ ಕೊಂಡೆವು. ಮರಿ ಪಡೆಯುವ ಆಸೆಯಿದೆ. ಹತ್ತಿರದಲ್ಲೇ ಇದ್ದ, ಕಿವಿಯ ಚೆಲುವಿಗೆ ಹೆಸರಾದ ಒಂದು ಗಂಡು ಕುದುರೆಯ ಮೇಲೆ ಸವಾರಿ ಮಾಡಲು ಅದರ ಮಾಲೀಕರು ಒಪ್ಪಲಿಲ್ಲವಾದ್ದರಿಂದ ಅದನ್ನು ಬಿಟ್ಟೆವು. ದೀಪಾವಳಿಯ ಹೊತ್ತಿಗೆ ಅಕಲೂಜಿನ ಕುದುರೆ ಬಜಾರಿಗೆ ಹೋಗಿ, ಅರ್ಧ ಗಂಟೆಯಾದರೂ ಏರಲು ಬಿಡುವವರನ್ನು ಹುಡುಕಲಿದ್ದೇವೆ.