ಗ್ಲಾಕೋಮಾ ಇರುವವರ ಮನೆಯವರೇ, ‘ಒತ್ತಡ ಇಳಿಸುವ ಮಾತ್ರೆ’ ನಂಬಿ ಕಣ್ಣಿನ ಹನಿ ನಿಲ್ಲಿಸಬೇಡಿ

ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ‘ಉಚಿತ ಕಣ್ಣಿನ ಶಿಬಿರ’ಕ್ಕೆ ನನ್ನ ತಾಯಿಯವರನ್ನು ಕರೆದುಕೊಂಡು ಹೋದವನು ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಆರು ವರ್ಷಗಳಿಂದ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಕೆಡುವ ಕಾಯಿಲೆ) ಇರುವ ಅವರು, ಮೈಸೂರಿನ ವೈದ್ಯರು ಬರೆದುಕೊಟ್ಟ ಹನಿಯನ್ನು ದಿನವೂ ಮಲಗುವ ಮುನ್ನ ಹಾಕಿಕೊಳ್ಳುತ್ತಿದ್ದರು; ಕಣ್ಣಿನ ಒತ್ತಡ 16ರ ಆಸುಪಾಸಿನಲ್ಲಿ ನಿಂತಿತ್ತು.

ಶಿಬಿರದಲ್ಲಿ ಬಿಳಿ ಕೋಟು ತೊಟ್ಟಿದ್ದವರು, ‘ಗ್ಲಾಕೋಮಾದ ಮೂಲವೇ ಆಕ್ಸಿಡೇಟಿವ್ ಒತ್ತಡ, ನಮ್ಮ ಮಾತ್ರೆ ಆ ಒತ್ತಡವನ್ನೇ ಇಳಿಸುತ್ತದೆ, ಆಮೇಲೆ ಹನಿಯ ಹಂಗೇಕೆ?’ ಎಂದರು. ನನ್ನ ಕಿವಿಗೆ ಬಿದ್ದದ್ದು ‘ಒತ್ತಡ ಇಳಿಯುತ್ತದೆ’ ಎಂಬುದಷ್ಟೇ. ಕಬ್ಬಿನ ಬಿಲ್ಲು ಕೈಗೆ ಬಂದು ವಾರವಾಗಿತ್ತು; ಮೂರು ತಿಂಗಳ ಮಾತ್ರೆಗೆ 8,400 ರೂಪಾಯಿ ಎಣಿಸಿಕೊಟ್ಟೆ. ಹನಿಯ ಸೀಸೆ ಫ್ರಿಜ್ಜಿನ ಬಾಗಿಲಲ್ಲಿ ಹಾಗೇ ಉಳಿಯಿತು.

ಮಾತ್ರೆ ಮುಗಿದ ಮೇಲೆ ಮೈಸೂರಿನಲ್ಲಿ ಪರೀಕ್ಷಿಸಿದರೆ ಬಲಗಣ್ಣಿನ ಒತ್ತಡ 31. ದೃಷ್ಟಿಯ ವ್ಯಾಪ್ತಿ ನೋಡುವ ಪರೀಕ್ಷೆಯಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಮ್ಮ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಸುಮ್ಮನೆ ಕೂತು, ‘ಇನ್ನೂ ಶುರುವಾಗಿಲ್ವೇನಪ್ಪ?’ ಎಂದು ಕೇಳಿದರು. ಪಕ್ಕದ ಪರದೆಯಲ್ಲಿ ನೋಡಿದರೆ ಚುಕ್ಕೆಗಳು ಬರುತ್ತಲೇ ಇದ್ದವು.

ಆಕ್ಸಿಡೇಟಿವ್ ಒತ್ತಡವೆಂಬುದು ಸುಳ್ಳಲ್ಲ, ವೈದ್ಯರೇ ಬಿಡಿಸಿ ಹೇಳಿದರು. ಜೀವಕೋಶಗಳಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ರೂಪಗಳು ಮಿತಿಮೀರಿದಾಗ, ಕಣ್ಣಿನೊಳಗಿನ ದ್ರವವನ್ನು ಹೊರಗೆ ಹರಿಸುವ ಜಾಲರಿಯ ಕೋಶಗಳಿಗೂ, ದೃಷ್ಟಿನರದ ಕೋಶಗಳಲ್ಲಿ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಕ್ಕೂ ಪೆಟ್ಟು ಬೀಳುತ್ತದೆಂದು ಸಂಶೋಧನೆಗಳು ಸೂಚಿಸುತ್ತವೆ. ಆದರೆ ಪಾದರಸದ ಮಿಲಿಮೀಟರಿನಲ್ಲಿ ಅಳೆಯುವ ಕಣ್ಣಿನ ಒತ್ತಡವೇ ಬೇರೆ. ಅದನ್ನು ಹನಿ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಇಳಿಸುವುದೊಂದೇ ಈವರೆಗೆ ಸಾಬೀತಾಗಿರುವ ದಾರಿ. ನಿಕೋಟಿನಮೈಡ್ ಎಂಬ ಬಿ3 ಜೀವಸತ್ವದ ಪ್ರಯೋಗಗಳು ನಡೆದಿವೆ, ಅವೂ ಹನಿಯ ಜೊತೆಗೇ ಹೊರತು ಹನಿಯನ್ನು ಬಿಡಿಸಿ ಅಲ್ಲ. ಕನ್ನಡದಲ್ಲಿ ಎರಡಕ್ಕೂ ‘ಒತ್ತಡ’ ಎನ್ನುತ್ತೇವೆ, ಮೋಸ ನಡೆದದ್ದು ಆ ಒಂದು ಪದದಲ್ಲೇ.

ಶಿಬಿರದವರಿಗೆ ಫೋನ್ ಮಾಡಿದರೆ ಬಂದ ಉತ್ತರ: ‘ನಾವು ಹೇಳಿದ್ದು ಆಕ್ಸಿಡೇಟಿವ್ ಒತ್ತಡ ಸಾರ್, ಕಣ್ಣಿನ ಒತ್ತಡ ಅಂತ ಯಾವಾಗ ಹೇಳಿದ್ವಿ? ಡಬ್ಬಿ ಓದಲಿಲ್ವಾ?’ ಓದಿದೆ. ‘ಔಷಧೀಯ ಬಳಕೆಗಲ್ಲ’ ಎಂದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿತ್ತು. ಮತ್ತೆ ಕೇಳಿದ್ದಕ್ಕೆ, ‘ಇನ್ನೂ ಮೂರು ತಿಂಗಳು ಕೊಡಿ ಸಾರ್, ರಿಯಾಯಿತಿ ಮಾಡ್ತೀವಿ’ ಎಂದರು. ಹೋದ ದೃಷ್ಟಿ ಮರಳಿ ಬಾರದು, ಇವರು ರಿಯಾಯಿತಿಯ ಮಾತಾಡುತ್ತಾರೆ!

ಗ್ಲಾಕೋಮಾ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯೇ ನಿಷೇಧಿಸಿದೆ. ಕರಪತ್ರ, ರಸೀದಿಗಳನ್ನು ಎಸೆಯಬೇಡಿ. ನನ್ನ ಬಳಿ ಎರಡೂ ಇವೆ, ದೂರು ಕೊಡುತ್ತಿದ್ದೇನೆ. ಆ ಶಿಬಿರಕ್ಕೆ ಬಂದು ಹನಿ ನಿಲ್ಲಿಸಿದವರು ನಿಮ್ಮಲ್ಲಿದ್ದರೆ, ನೋವಿಲ್ಲವೆಂದು ಕಾಯದೆ ಈ ವಾರವೇ ಕಣ್ಣಿನ ಒತ್ತಡ ನೋಡಿಸಿ. ಅಮ್ಮನಿಗೂ ಒಂದು ದಿನವೂ ನೋವಿರಲಿಲ್ಲ.